ಬಸಕ್ಕನ ಬಚ್ಚಲ ಗೋಡೆ

ನನಗಾಗ ನಲವತ್ತಾರು ವರ್ಷ. ಮೂವತ್ತು ವರ್ಷದ ಹಿಂದಿನ ಮಾತು. ಶಿಕಾರಿಪುರದ ಮಂಡಕ್ಕಿ ಭಟ್ಟಿಯಲ್ಲಿ ನಾನೂ ಪಕ್ಕದ ಮನೆಯ ಬಸಕ್ಕನೂ ದುಡಿಯುತ್ತಿದ್ದೆವು. ಸಂಜೆ ಬರುವಾಗ ಮಸಿ ಹಿಡಿದ ಅವಳ ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ. ಆ ಹಲ್ಲು ನಗುವುದಕ್ಕಿಂತ ಬೈಯುವಾಗ ಕಂಡದ್ದೇ ಹೆಚ್ಚು.

ಮಸಿ ಮೈಯಲ್ಲಿ ಹೊಸ್ತಿಲು ದಾಟುವವಳಲ್ಲ. ಹಿತ್ತಲ ಬಚ್ಚಲಲ್ಲಿ ಮಿಂದೇ ಒಳಗೆ. ನನಗೂ ಅದೇ ಬಚ್ಚಲು. ಅದರಾಚೆ ಪಾರ್ಕಿಗೆಂದು ಬಿಟ್ಟ ಬಯಲು. ಪಾರ್ಕು ಆಗಲಿಲ್ಲ. ಗಂಡಸರು ಅಲ್ಲಿ ಕೂತು ಬೀಡಿ ಸೇದುತ್ತಾ ಇತ್ತಲೇ ನೋಡುತ್ತಿದ್ದರು. ತಡಿಕೆ ಕಟ್ಟಿದರೆ ದನ ಮುರಿಯುತ್ತಿದ್ದವು. ಕೊನೆಗೆ ಬಸಕ್ಕ ಇಟ್ಟಿಗೆ ತಂದು, ಮಣ್ಣು ಕಲಸಿ ಗೋಡೆ ಎತ್ತಿದಳು. ಟೇಪು ಹಿಡಿಯಲಿಲ್ಲ. ನನ್ನನ್ನು ಬಚ್ಚಲ ಕಲ್ಲಿನ ಮೇಲೆ ನಿಲ್ಲಿಸಿ, ಚೊಂಬನ್ನು ತಲೆ ಮೇಲೆ ಎತ್ತಿಸಿ, ತಾನು ಬಯಲಿಗೆ ಹೋಗಿ ನೋಡಿದಳು. ನೀರು ಹುಯ್ದುಕೊಳ್ಳುವ ಕೈ ಹೊರಗೆ ಕಾಣಬಾರದು. ನಮ್ಮಲ್ಲಿ ಹೆಂಗಸರ ಬಚ್ಚಲಿಗೆ ಅದೇ ಅಳತೆ.

ಪಂಚಾಯ್ತಿ ಆಫೀಸಿನವನು ಬಂದ. ಬಯಲಿನ ಬದಿಯ ಕಾಂಪೌಂಡು ನಾಲ್ಕಡಿ ಮೀರಬಾರದು, ಮೀರಿದರೆ ಪರವಾನಗಿ ಬೇಕು, ಬಯಲು ಮರೆಯಾಗಬಾರದು ಎಂದ.

“ನಾಲ್ಕಡಿ ಅಂದ್ರ ನನ್ನ ಎದಿಮಟ್ಟ ಆತು ಸಾಹೇಬ್ರ. ಬಯಲು ಎಲ್ಲಾರಿಗೂ ಕಾಣ್ಲಿ. ನಾನ್ಯಾಕ್ರೀ ಕಾಣ್ಬೇಕು?”

ಅವನು ನೆಲ ನೋಡಿಕೊಂಡು, ಅರ್ಜಿ ಕೊಡಿ ಎಂದ. ಕೊಟ್ಟಳು. ಆಗುವುದಿಲ್ಲ ಎಂದರು. ಕೂಲಿಯವರು ಬಂದು ಮೇಲಿನ ಇಟ್ಟಿಗೆ ಕೆಡವಿದರು. ಬಸಕ್ಕ ಅವರಿಗೇ ಚಹಾ ಕೊಟ್ಟು, ಇಟ್ಟಿಗೆ ಒಡೆಯಬೇಡಿ, ನನಗೆ ಮತ್ತೆ ಬೇಕು ಎಂದಳು. ಅವರು ಓಣಿ ದಾಟುವ ಮೊದಲೇ ಮಣ್ಣು ಕಲಸಿದ್ದಳು. ಮತ್ತೆ ಕೆಡವಿದರು. ಮತ್ತೆ ಕಟ್ಟಿದಳು. ನಿನಗೇಕೆ ಇಷ್ಟು ಹಟ ಎಂದು ಓಣಿಯವರು ಕೇಳಿದರೆ, ನೀವು ಹೋಗಿ ಬಯಲಲ್ಲಿ ಮೀಯಿರಿ ಎನ್ನುವಳು.

ಮಳೆಗಾಲದಲ್ಲಿ ಜ್ವರ ಬಂದು ಹಾಸಿಗೆ ಹಿಡಿದಳು. ಆಗಲೇ ಮತ್ತೊಮ್ಮೆ ಕೆಡವಿ ಹೋದರು. ಮುಚ್ಚಿಡದೆ ಹೇಳಿದೆ.

“ಮತ್ತ ನೀ ಎಲ್ಲಿ ಮೈ ತೊಳಕೊಂತಿ ನೀಲಮ್ಮ?”

ಸೀರೆ ಸುತ್ತಿಕೊಂಡೇ, ಬಗ್ಗಿ ಕೂತು, ಎಂದೆ.

“ಬಗ್ಗಿದಿ? ಥೂ ನಿನ್ನ.”

ನನ್ನ ಸಂಗಡ ಅವಳಾಡಿದ ಕೊನೆಯ ಮಾತು ಅದೇ. ಎರಡು ದಿನಕ್ಕೆ ಹೋದಳು. ಹೂಳಿ ಬಂದೆವು. ನಾನು ಅಳಲಿಲ್ಲ, ಸಿಟ್ಟಿತ್ತು.

ಮರುದಿನ ಬೆಳಿಗ್ಗೆ ಭಟ್ಟಿಗೆ ಹೋಗದೆ ಇಟ್ಟಿಗೆ ಇಡುತ್ತಿದ್ದೆ. ಆಫೀಸಿನವನು ಬಂದು, ಬಸಕ್ಕ ತೀರಿಕೊಂಡಳಂತೆ, ಇನ್ನು ನೋಟಿಸು ಯಾರ ಹೆಸರಿಗೆ ಬರೆಯಲಿ ಎಂದ. ನನ್ನ ಹೆಸರು ಹೇಳಿ, ಇನ್ನೊಂದು ಇಟ್ಟಿಗೆ ಇಟ್ಟೆ.