ಬಹುಮಾನ ಬಂದ ಸ್ಟ್ಯಾಂಡು

ನಮ್ಮ ಕಡೆ ತರಬೇತಿ ಎಂದರೆ ಮೊದಲು ಬ್ಯಾನರು, ಆಮೇಲೆ ಫೋಟೋ, ವೇಳೆ ಉಳಿದರೆ ಕಲಿಕೆ. ಪಾಂಡವಪುರದಲ್ಲಿ ಮೂರು ದಿನ ‘ವಿನ್ಯಾಸ ಚಿಂತನೆ’ ಎಂಬ ತರಬೇತಿಗೆ ಬರಬೇಕೆಂದು ಆದೇಶ ಬಂದಾಗ, ಇಪ್ಪತ್ತು ವರ್ಷದಿಂದ ಮೇಷ್ಟ್ರಾಗಿದ್ದ ನಾನು, ಚಿತ್ರ ಬರೆಸುವುದಿರಬೇಕು ಅಂದುಕೊಂಡು ಹೋದೆ. ಪಕ್ಕದಲ್ಲಿ ಕೂತ ಕೆ.ಆರ್. ಪೇಟೆಯ ಮೇಷ್ಟ್ರು ರಂಗೋಲಿ ಇರಬೇಕು ಅಂದರು.

ಎರಡೂ ಅಲ್ಲ. ಪಾಠ ಮಾಡಲು ಬಂದ ಹೆಣ್ಣುಮಗಳು ನನ್ನ ಮಗಳ ವಯಸ್ಸಿನವರು. ಕಷ್ಟ ಯಾರಿಗಿದೆಯೋ ಅವರ ಜೊತೆ ಕೂತು ನೋಡಿ, ಕೇಳಿ, ಆಮೇಲೆ ರಟ್ಟಲ್ಲೋ ಮರದಲ್ಲೋ ಒಂದು ಪರಿಹಾರ ಮಾಡಿ ಅವರ ಕೈಗೇ ಕೊಡಿ, ಸರಿಹೋಗದಿದ್ದರೆ ಮತ್ತೆ ಮಾಡಿ ಎಂದರು. ಇಷ್ಟೇ. ಇಷ್ಟು ಸಲೀಸಾದದ್ದನ್ನು ನಾವು ನಂಬುವುದುಂಟೇ? ವರದಿ ಯಾವ ನಮೂನೆಯಲ್ಲಿ ಕೊಡಬೇಕೆಂದು ಶ್ರೀರಂಗಪಟ್ಟಣದವರು ಎರಡು ಸಲ ಕೇಳಿ ಬರೆದುಕೊಂಡರು.

ನಾಲ್ಕು ತಾಲ್ಲೂಕಿನ ನಾಲ್ಕು ಗುಂಪಿಗೂ ಶಾಲೆಯ ಒಂದೊಂದು ಸಮಸ್ಯೆ ಬರೆಯಲು ಹೇಳಿದರು. ನಾಲ್ಕೂ ಚಾರ್ಟಿನಲ್ಲಿ ಒಂದೇ ಉತ್ತರ: ಮಕ್ಕಳಲ್ಲಿ ಆಸಕ್ತಿಯ ಕೊರತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬರೆದು ಅಂಟಿಸಲು ಕೊಟ್ಟ ಬಣ್ಣದ ಚೀಟಿಗಳು ಮಾತ್ರ ಸುಣ್ಣದ ಗೋಡೆಗೆ ಅಂಟದೆ ಉದುರುತ್ತಿದ್ದವು. ನಾಗಮಂಗಲದ ಮೇಡಮ್ಮೊಬ್ಬರು ಊಟದ ಡಬ್ಬಿಯಿಂದ ನಾಲ್ಕು ಅನ್ನದ ಅಗುಳು ತೆಗೆದು ಅಂಟಿಸಿದರು. ಮೂರು ದಿನದಲ್ಲಿ ನಾನು ಕಂಡ ನಿಜವಾದ ವಿನ್ಯಾಸ ಚಿಂತನೆ ಅದೊಂದೇ, ಅದರ ಫೋಟೋ ಯಾರೂ ತೆಗೆಯಲಿಲ್ಲ.

ನಮ್ಮ ಶಾಲೆ ತೊಣ್ಣೂರು ಕೆರೆಯಿಂದಾಚೆ. ವರದಿ ಕಳಿಸಲೇಬೇಕಾದ್ದರಿಂದ ಏಳನೇ ತರಗತಿಯವರಿಗೆ ಚೀಟಿ ಹಂಚಿ, ಶಾಲೆಯಲ್ಲಿ ಯಾರಿಗೆ ಕಷ್ಟವಿದೆ ನೋಡಿ ಬನ್ನಿ ಎಂದೆ. ನೀರಿನ ಟ್ಯಾಂಕು ಎಂದೋ ಕಾಂಪೌಂಡು ಎಂದೋ ಬರೆಯುತ್ತಾರೆ, ಸಂಜೆಗೆ ಮುಗಿಯುತ್ತದೆ ಎಂದು ನನ್ನ ಎಣಿಕೆ. ಅವರು ಬಿಸಿಯೂಟದ ಅಡುಗೆಯಕ್ಕನನ್ನು ಆರಿಸಿಕೊಂಡರು. ಸಾರಿನ ಹಂಡೆ ನೆಲದ ಮೇಲಿರುತ್ತದೆ, ಒಂದೊಂದು ತಟ್ಟೆಗೂ ಆಕೆ ಬಗ್ಗಿ ಏಳುತ್ತಾರೆ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಒಂದು ಕೈ ಸೊಂಟದ ಮೇಲೇ ಇರುತ್ತದೆ ಎಂದು ಬರೆದು ತಂದರು. ಒಂಬತ್ತು ವರ್ಷ ಆಕೆ ಮಾಡಿದ ಸಾರು ಉಂಡಿದ್ದೆ. ಉಪ್ಪು ಹೆಚ್ಚಾಯಿತು, ಕಮ್ಮಿಯಾಯಿತು ಎಂಬುದು ಬಿಟ್ಟು ಆಕೆಯ ವಿಷಯದಲ್ಲಿ ನನಗೆ ಬೇರೇನೂ ಗೊತ್ತಿರಲಿಲ್ಲ.

ಹಂಡೆ ಇಡಲೊಂದು ಸ್ಟ್ಯಾಂಡು ಮಾಡೋಣವೆಂದು ಮಕ್ಕಳು ಸಣಬಿನ ದಾರ ಹಿಡಿದು ಆಕೆಯ ಎತ್ತರ ಅಳೆದರು. ಮುರಿದ ಡೆಸ್ಕೊಂದರ ಕಾಲುಗಳನ್ನು ಆ ಅಳತೆಗೆ ನಾನೇ ಗರಗಸದಲ್ಲಿ ಕೊಯ್ದುಕೊಟ್ಟೆ. ಹಂಡೆ ಜಾರದಂತೆ ಮೇಲೊಂದು ಹಳೇ ಸ್ಕೂಟರ್ ಟಯರು ಕೂರಿಸಿದರು. ನೋಡಲು ಅಂದವೇನೂ ಇರಲಿಲ್ಲ, ಆದರೆ ಮಾರನೆಯ ದಿನ ಆಕೆ ನೆಟ್ಟಗೆ ನಿಂತು ಬಡಿಸಿದರು. ಸಂಜೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, “ಇವತ್ತು ಮನೆಗೋದ್‌ ತಕ್ಷಣ ಮನೀಕೋಬೇಕು ಅನ್ನುಸ್ತಿಲ್ಲ ಕಣ್ ಮೇಷ್ಟ್ರೇ” ಎಂದರು. ನನಗೆ ಬಹಳ ಸಂತೋಷವಾಯಿತು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು.

ನಾನು ವರದಿಯ ಜೊತೆ ಫೋಟೋ ಕಳಿಸಿದೆ. ನಾಗಮಂಗಲದಲ್ಲಿ ನಾಲ್ಕು ತಾಲ್ಲೂಕಿನ ಪ್ರದರ್ಶನವಿದೆ, ಮಾದರಿ ತನ್ನಿ ಎಂದು ಫೋನು ಬಂತು. ಥರ್ಮಾಕೋಲಿನಲ್ಲಿ ಚಿಕ್ಕದೊಂದು ಮಾಡಬಹುದಿತ್ತು. ಆದರೆ ಬಹುಮಾನದ ಆಸೆ ಯಾರನ್ನು ಬಿಟ್ಟಿದೆ? ಸ್ಟ್ಯಾಂಡಿಗೆ ನೀಲಿ ಬಣ್ಣ ಬಳಿದು ಗೂಡ್ಸ್ ಆಟೋಗೆ ಹಾಕಿಸಿದೆ. ಹಂಡೆ ಮತ್ತೆ ನೆಲಕ್ಕೆ ಬಂತು. ನಾಗಮಂಗಲದಲ್ಲಿ ಸ್ಟ್ಯಾಂಡಿನ ಮೇಲೆ ಹೂವಿನ ಕುಂಡ ಇಟ್ಟು, ಪಕ್ಕದಲ್ಲಿ ‘ಮುಟ್ಟಬೇಡಿ’ ಎಂಬ ಚೀಟಿ ಅಂಟಿಸಿದರು. ಬೇರೆಯವರ ನೋವನ್ನು ನಮ್ಮದೆಂದು ತಿಳಿಯುವುದು ಹೇಗೆ ಎಂದು ನಾನು ಮೈಕಿನಲ್ಲಿ ಹತ್ತು ನಿಮಿಷ ಮಾತಾಡಿದೆ, ಚಪ್ಪಾಳೆಯೂ ಬಿತ್ತು. ಮೊದಲ ಬಹುಮಾನ ಬಂತು.

ಮದುವೆ ಗಡಿಬಿಡಿಯಲ್ಲಿ ತಾಳಿ ಕಟ್ಟುವುದನ್ನೇ ಮರೆತರಂತೆ. ಗೆದ್ದ ಮಾದರಿ ಶ್ರೀರಂಗಪಟ್ಟಣದಲ್ಲೂ ಕೆ.ಆರ್. ಪೇಟೆಯಲ್ಲೂ ಒಂದೊಂದು ವಾರ ಇರಬೇಕೆಂದು ಸಂಘಟಕರು ಹೇಳಿದರು. ನಾನು ಹ್ಞೂಂ ಅಂದೆ. ಮಕ್ಕಳು ದಿನಾ ಕೇಳುತ್ತಿದ್ದರು, ಬರುತ್ತದೆ ಅನ್ನುತ್ತಿದ್ದೆ. ಎರಡನೇ ವಾರದಲ್ಲೊಂದು ಮಧ್ಯಾಹ್ನ ಬಡಿಸಲು ಬಗ್ಗಿದ ಅಡುಗೆಯಕ್ಕನಿಗೆ ಏಳಲಾಗಲಿಲ್ಲ. ಸೌಟು ಹಿಡಿದುಕೊಂಡೇ ಅಲ್ಲೇ ಕೂತುಬಿಟ್ಟರು. ಆಟೋದಲ್ಲಿ ಮನೆಗೆ ಬಿಟ್ಟು ಬಂದೆವು. ಮಾರನೆಯ ದಿನದಿಂದ ಅವರ ಸೊಸೆ ಅಡುಗೆಗೆ ಬಂದಳು.

ಆಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಕೆ.ಆರ್. ಪೇಟೆಗೆ ಹೋಗಿ ಸ್ಟ್ಯಾಂಡು ಕೇಳಿದೆ. ಅರ್ಜಿ ಕೊಡಿ, ಮುಖ್ಯಶಿಕ್ಷಕರ ಮೂಲಕ ಬರಲಿ ಎಂದರು. ಹೂವಿನ ಕುಂಡ ಎತ್ತಿ ನೆಲಕ್ಕಿಟ್ಟು, ಸ್ಟ್ಯಾಂಡನ್ನು ಹೆಗಲ ಮೇಲೆ ಹೊತ್ತುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಇಷ್ಟು ವರ್ಷದ ನೌಕರಿಯಲ್ಲಿ ನಮೂನೆ ತುಂಬದೆ ಮಾಡಿದ ಕೆಲಸ ಅದೊಂದೇ.

ಸ್ಟ್ಯಾಂಡು ಶಾಲೆಗೆ ಬಂದು ಎರಡು ದಿನವಾದ ಮೇಲೆ ಅಡುಗೆಯಕ್ಕನ ಮನೆಗೆ ಹೋದೆ. ಗೋಡೆಗೆ ದಿಂಬು ಕೊಟ್ಟು ಕೂತಿದ್ದರು. ಇನ್ನು ಹಂಡೆ ಎತ್ತುವುದು ಬೇಡವೆಂದು ಡಾಕ್ಟರು ಹೇಳಿದ್ದಾರಂತೆ. ತಪ್ಪಾಯಿತು ಅಕ್ಕ, ಸ್ಟ್ಯಾಂಡು ತಂದಿದ್ದೇನೆ, ಇನ್ನು ನಿಮ್ಮ ಸೊಸೆಗಾದರೂ ತೊಂದರೆಯಿಲ್ಲ ಎಂದೆ. ಅವರು ಬೈಯಲಿಲ್ಲ. ಸೊಸೆಗೆ ಕಾಫಿ ಇಡಲು ಹೇಳಿ, ನನ್ನ ಕಡೆ ತಿರುಗಿದರು.

“ಅದು ನನ್ನೆತ್ರಕ್ ಮಾಡಿದ್ದು ಮೇಷ್ಟ್ರೇ. ಅವ್ಳು ನನ್ಗಿಂತ ಗೇಣುದ್ದ ಅವ್ಳೆ. ಬಗ್ಗೇ ಬಡಿಸ್ತಾವ್ಳಂತೆ. ಅವ್ಳ್ನೂ ಒಂದ್ ಮಾತು ಕೇಳ್ಬುಟ್ಟು ಮಾಡ್ಸಿ.”

ಎರಡು ದಿನದಿಂದ ಅವಳು ಬಗ್ಗಿ ಬಡಿಸುವುದನ್ನು ನಾನು ಎದುರಿಗೇ ನಿಂತು ನೋಡಿದ್ದೆ. ಸ್ಟ್ಯಾಂಡು ವಾಪಸ್ಸು ಬಂತಲ್ಲ ಎಂದು ಹೆಮ್ಮೆಪಡುತ್ತಿದ್ದೆ.