ಕಾಯುವ ಕೋಣೆಯ ಆಯಾ

ಮಗುವಿಗೆ ಆಟಿಸಂ ಇದೆಯೋ ಇಲ್ಲವೋ ಎಂದು ಒಳಗೆ ಕೂತು ಹೇಳುವವರು ಡಾಕ್ಟರು. ಹೊರಗಿನ ಕಾಯುವ ಕೋಣೆಯನ್ನು ಆಳುವವಳು ಮಾತ್ರ ಆಯಾ. ಅವಳ ರಾಜ್ಯದಲ್ಲಿ ಗದ್ದಲಕ್ಕೆ ಪ್ರವೇಶವಿಲ್ಲ. ಕಿರ್ರೆನ್ನುವ ಬಾಗಿಲಿಗೆ ದಿನಾ ಎಣ್ಣೆ, ಕುರ್ಚಿಗಳ ಕಾಲಿಗೆಲ್ಲ ಹಳೆಯ ಕಾಲುಚೀಲ. ಸೀನು ಬಂದವರು ಅವಳ ಮುಖ ನೋಡಿ ಹೊರಗೋಡುತ್ತಾರೆ. ಗೋಡೆ ಗಡಿಯಾರದ ಟಿಕ್ ಟಿಕ್ ಯಾವುದೋ ಮಗುವಿಗೆ ಆಗಲಿಲ್ಲವೆಂದು ಅದರ ಸೆಲ್ಲನ್ನೇ ಕಿತ್ತಿಟ್ಟಿದ್ದಾಳೆ, ಹಾಗಾಗಿ ಅಲ್ಲಿ ಸದಾ ಹತ್ತೂವರೆ. ಆ ಹತ್ತೂವರೆಯ ಬೆಳಕಿನಲ್ಲಿ ಮಕ್ಕಳು ತಿಳಿನೀರಿನ ಮೀನುಗಳ ಹಾಗೆ ತೇಲಾಡುತ್ತಾರೆ. ಒಬ್ಬಳು ನೆಲದ ಮೇಲೆ ಬಾಟಲಿ ಮುಚ್ಚಳಗಳನ್ನು ಸಾಲಾಗಿ ಜೋಡಿಸಿದರೆ, ಆ ಸಾಲು ಕದಡದಂತೆ ಡಾಕ್ಟರೂ ಗೋಡೆಗೆ ಒತ್ತಿಕೊಂಡೇ ನಡೆಯಬೇಕು. ಹೊಸದಾಗಿ ಬಂದ ತಾಯಂದಿರು, ಎಷ್ಟು ಕರೆದರೂ ತಿರುಗಿ ನೋಡದ ಮಗಳನ್ನು ಇನ್ನೂ ಗಟ್ಟಿಯಾಗಿ ಕರೆದು, ಸೋತು, ಕೊನೆಗೆ ಹೊಡೆಯಲು ಕೈ ಎತ್ತುವುದುಂಟು. ಆಯಾ ಆ ಕೈಯನ್ನು ಮೆಲ್ಲಗೆ ಹಿಡಿದುಕೊಳ್ಳುತ್ತಾಳೆ. "ಬೇಡ ಕಣಮ್ಮಾ, ಅವಳು ಹಟ ಮಾಡ್ತಿಲ್ಲ. ಪಕ್ಕದಲ್ಲಿ ಸುಮ್ನೆ ಕೂತ್ಕೋ, ಅವಳೇ ಬರ್ತಾಳೆ." ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ ಹಿಡಿದಿದ್ದ ಕೈಯನ್ನು ಬಿಟ್ಟು ಹೇಳುತ್ತಾಳೆ. "ನನ್ನ ಮಗಳಿಗೂ ಹೀಗೇ ಇತ್ತು, ಆಗ ನಂಗೆ ತಿಳೀಲಿಲ್ಲ. ಈಗ ಅವಳಿಗೆ ಮೂವತ್ತು. ತಲೆ ಬಾಚೋಣ ಅಂತ ನಾನು ಕೈ ಎತ್ತಿದ್ರೆ ಇವತ್ತಿಗೂ ಮುಖ ಮುಚ್ಕೋತಾಳೆ."