ಬೆಂಡಿನ ಗೋಡೆ

ಕೂಟಗಲ್ಲಿನಲ್ಲಿ ನಾನು ಕಟ್ಟಿಸಲಿದ್ದ ಮನೆಗೆ ಇಟ್ಟಿಗೆ ಬೇಡ ಅಂದಾಗ ಮೇಸ್ತ್ರಿ ನಕ್ಕರು. ಥರ್ಮಾಕೋಲ್ ಅಚ್ಚು ಜೋಡಿಸಿ, ನಡುವೆ ಕಂಬಿ ಕಟ್ಟಿ ಕಾಂಕ್ರೀಟ್ ತುಂಬಿದರೆ ಬಿಸಿಲಿನ ಕಾವು ಒಳಗೆ ಬರುವುದಿಲ್ಲ ಎಂದು ವಿವರಿಸಿದೆ.

"ಇದು ಟೀವಿ ಡಬ್ಬದಲ್ಲಿ ಬರೋ ಬೆಂಡು ಕಣವ್ವ. ಗೋಡೆ ಬಿದ್ರೆ ನನ್ ಹೆಸ್ರು ಕೆಟ್ಟೋಯ್ತದೆ. ಮನೇಲಿ ಗಂಡಸ್ರನ್ನ ಕರೀರಿ, ಮಾತಾಡ್ತೀನಿ."

"ಮನೆ ನಂದು. ಮಾತೂ ನನ್ ಹತ್ರಾನೇ ಆಡಿ," ಎಂದೆ.

ಅವರು ಕರಣೆ ಎತ್ತಿಕೊಂಡು ಹೊರಟೇಬಿಟ್ಟರು. ನಾನು ಬಿಡದಿಯಿಂದ ಬೇರೆ ಕೆಲಸಗಾರರನ್ನು ಕರೆಸಿ, ಜೊತೆಗೇ ನಿಂತು ಗೋಡೆ ಎಬ್ಬಿಸಿದೆ.

ಗೃಹಪ್ರವೇಶ ಬಿರುಬೇಸಿಗೆಯಲ್ಲಿ ನಡೆಯಿತು. ಕರೆದಿದ್ದೆ, ಮೇಸ್ತ್ರಿ ಬಂದರು. ಗೋಡೆಗೊಂದು ಗುದ್ದು ಕೊಟ್ಟು ಕೈ ಉಜ್ಜಿಕೊಂಡರು.

"ಒಸಿ ತಂಪೈತೆ."

"ಒಸೀನಾ?" ಎಂದೆ.

ಮೇಸ್ತ್ರಿ ಊಟದ ಎಲೆಯತ್ತ ನಡೆದರು. ಊಟ ಮುಗಿಸಿ ಅದೇ ಗೋಡೆಗೆ ಒರಗಿ ಸಂಜೆಯವರೆಗೂ ಗೊರಕೆ ಹೊಡೆದರು. ಎಬ್ಬಿಸಿ, ಅವರಿಂದ ತಪ್ಪು ಒಪ್ಪಿಸುವ ಗೋಜಿಗೆ ನಾನು ಹೋಗಲಿಲ್ಲ.